ಐದು ವರ್ಷದ ಹುಡುಗನಿರುವ ಮನೆಗೆ ಯಾವ ಗಿಳಿ? ಕೊಪ್ಪಳದ ಒಂದು ಮನೆಯ ಪ್ರಕರಣ

ಇದು ಶುರುವಾಗಿದ್ದು ಗವಿಮಠದ ಜಾತ್ರೆಯಲ್ಲಿ ಕೊಂಡ ಒಂದು ರಬ್ಬರ್ ಗಿಣಿಯಿಂದ. ಒತ್ತಿದರೆ ಕೀಚ್ ಅನ್ನುವ ಹಸಿರು ಆಟಿಕೆ. ನಮ್ಮ ಹಿಂದಿನ ಓಣಿಯ ಮನೆಯ ಹುಡುಗ, ಐದು ವರ್ಷದವನು, ಜನವರಿ ಪೂರ್ತಿ ಅದನ್ನು ಕೈಯಿಂದ ಬಿಡಲಿಲ್ಲ. ಫೆಬ್ರವರಿ ಬರುವ ಹೊತ್ತಿಗೆ ಒತ್ತಿ ಒತ್ತಿ ಅದರ ಹೊಟ್ಟೆ ಹರಿದಿತ್ತು. ಆಮೇಲೆ ಅವನು ಕೇಳಿದ್ದು ನಿಜವಾದ ಗಿಣಿಯನ್ನು.

ಅವನ ಅವ್ವ ನನ್ನ ಹತ್ತಿರ ಬಂದಳು. ನಾನು ಹದಿನಾಲ್ಕು ವರ್ಷದಿಂದ ಹಕ್ಕಿ ಸಾಕುತ್ತಿದ್ದೇನೆ. ಮಾಳಿಗೆಯ ಮೇಲೆ ಅವಕ್ಕೆಂದೇ ಒಂದು ಕೋಣೆ ಇದೆ. ಹಾಗಾಗಿ ಓಣಿಯಲ್ಲಿ ಯಾರಿಗಾದರೂ ಹಕ್ಕಿ ಬೇಕೆನಿಸಿದರೆ ಮೊದಲು ನಮ್ಮ ಮನೆಗೆ ಬರುತ್ತಾರೆ. "ಅಕ್ಕಾ, ಮಕ್ಕಳಿರೋ ಮನಿಗೆ ಯಾವ ಗಿಣಿ ಚಲೋ ಹೇಳ್ರಿ" ಅಂದಳು.

ಈ ಪ್ರಶ್ನೆಗೆ ನಾನು ನಿಂತ ಕಾಲಲ್ಲಿ ಉತ್ತರ ಕೊಡುವುದಿಲ್ಲ. ಮೊದಲು ಮನೆ ನೋಡಬೇಕು, ಮನೆಯವರನ್ನು ನೋಡಬೇಕು. ಆ ಮನೆಗೆ ಹಕ್ಕಿ ಬಂದಿದ್ದು ಐದು ತಿಂಗಳ ಮೇಲೆ, ಜುಲೈನಲ್ಲಿ. ಅಷ್ಟು ದಿನ ಯಾಕೆ ಬೇಕಾಯಿತು, ಯಾವ ಹಕ್ಕಿ ಯಾಕೆ ಬೇಡವಾಯಿತು, ಬಂದ ಮೇಲೆ ಏನಾಯಿತು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಬೆಳಿಗ್ಗೆ ಆರಕ್ಕೆ ನೀರು ಹಾಕುವವರು ಯಾರು?

ಮನೆಯಲ್ಲಿ ಐದು ಜನ. ಗಂಡ, ಹೆಂಡತಿ, ಗಂಡನ ತಾಯಿ, ಹತ್ತು ವರ್ಷದ ಹುಡುಗಿ, ಐದು ವರ್ಷದ ಹುಡುಗ. ಗಂಡನದು ವೆಲ್ಡಿಂಗ್ ಅಂಗಡಿ. ಹೆಂಡತಿ ಹಳ್ಳಿಯೊಂದರಲ್ಲಿ ಟೀಚರ್, ಎಂಟು ಗಂಟೆಯ ಬಸ್ಸಿಗೆ ಹೊರಡುತ್ತಾಳೆ. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಅಜ್ಜಿ ಒಬ್ಬರೇ.

ಪಡಸಾಲೆಯಲ್ಲಿ ಒಂದು ಸೀಲಿಂಗ್ ಫ್ಯಾನ್ ಇದೆ, ನೆತ್ತಿಗೆ ತಾಗುವಷ್ಟು ಕೆಳಗೆ. ಅಡುಗೆಮನೆ ನೇರ ಪಡಸಾಲೆಗೇ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಬಾಗಿಲಲ್ಲಿ ನಿಂತವರಿಗೂ ಕೆಮ್ಮು. ಮುಂದೆ ಪೂರ್ವಕ್ಕೆ ಮುಖ ಮಾಡಿದ ಸಣ್ಣ ವರಾಂಡ, ಗ್ರಿಲ್ ಹಾಕಿದ್ದು. ಹುಡುಗಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ, ಇನ್ಹೇಲರ್ ಇಟ್ಟುಕೊಂಡಿದ್ದಾಳೆ. ಈ ವಿಷಯವನ್ನು ಅವರು ತಾವಾಗಿ ಹೇಳಲಿಲ್ಲ. ಕಿಟಕಿ ಮೇಲೆ ಇನ್ಹೇಲರ್ ಕಂಡು ನಾನೇ ಕೇಳಿದೆ.

ಆಮೇಲೆ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ಬೆಳಿಗ್ಗೆ ಆರಕ್ಕೆ ಹಕ್ಕಿಯ ನೀರು ಬದಲಿಸುವವರು ಯಾರು? ಹುಡುಗ "ನಾನು" ಅಂದ. ಹುಡುಗಿಯೂ "ನಾನು" ಅಂದಳು. ಗಂಡ ಹೆಂಡತಿಯ ಕಡೆ ನೋಡಿದರು. ಹೆಂಡತಿ ಗಡಿಯಾರದ ಕಡೆ ನೋಡಿದಳು.

ಮಕ್ಕಳ ಮಾತು ಸುಳ್ಳಲ್ಲ. ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿಯೂ ಹಾಗೇ ಅನಿಸಿರುತ್ತದೆ. ಆದರೆ ಪರೀಕ್ಷೆ ಬರುತ್ತದೆ, ಆಟ ಬರುತ್ತದೆ, ಜ್ವರ ಬರುತ್ತದೆ. ಹಕ್ಕಿಗೆ ನೀರು ದಿನಾ ಬೇಕು. ಮಕ್ಕಳಿಗೆಂದು ತಂದ ಹಕ್ಕಿ ಕೊನೆಗೆ ದೊಡ್ಡವರ ಹಕ್ಕಿಯೇ ಆಗುತ್ತದೆ. ಹಾಗಾಗಿ ಆ ದೊಡ್ಡವರು ಯಾರೆಂದು ಮೊದಲೇ ಗೊತ್ತು ಮಾಡಿಕೊಂಡು, ಅವರನ್ನೇ ಕೇಳಿ ಹಕ್ಕಿ ಆರಿಸಬೇಕು. ಈ ಮನೆಯಲ್ಲಿ ಐದು ಗಂಟೆಗೆ ಏಳುವವರು ಅಜ್ಜಿ. ಅವರನ್ನು ಅಲ್ಲಿಯತನಕ ಯಾರೂ ಕೇಳಿರಲಿಲ್ಲ.

ಅಜ್ಜಿ ಹುಟ್ಟಿದ್ದು ಕುಷ್ಟಗಿ ಕಡೆಯ ಹಳ್ಳಿಯಲ್ಲಿ, ಸಜ್ಜೆ ಬೆಳೆಯುವ ಸೀಮೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾವು ಸಣ್ಣಾರಿದ್ದಾಗ ಕವಣಿ ಹಿಡಕೊಂಡು ಹೊಲದಾಗ ಗಿಣಿ ಓಡಸ್ತಿದ್ವಿ. ಈಗ ಅದನ್ನ ರೊಕ್ಕ ಕೊಟ್ಟು ತಂದು ಮನ್ಯಾಗ ಕೂಡಿ ಹಾಕೂದಾ?" ಅದು ಬೇಡ ಅನ್ನುವ ಮಾತೇ ಅಂದುಕೊಂಡೆ. ಆದರೆ ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಸಣ್ಣದಿದ್ರ ನೋಡ್ಕೊಂತೀನಿ" ಅಂದರು.

ಆ ಒಂದು ಮಾತಿನ ಮೇಲೆ ಉಳಿದದ್ದೆಲ್ಲ ನಿಂತಿತು.

ಮಾರ್ಚ್: ರಟ್ಟಿನ ಡಬ್ಬಿ

ನಾವು ಇನ್ನೂ ಮಾತಾಡುತ್ತಿರುವಾಗಲೇ ವೆಲ್ಡಿಂಗ್ ಅಂಗಡಿಗೆ ಒಬ್ಬ ರಟ್ಟಿನ ಡಬ್ಬಿ ಹಿಡಿದು ಬಂದ. ಒಳಗೆ ನಾಲ್ಕು ಗಿಣಿ ಮರಿ. ಒಂದಕ್ಕೆ ಎಂಟುನೂರು ರೂಪಾಯಿ ಅಂದನಂತೆ. ಹುಡುಗನ ಅಪ್ಪ ಫೋಟೋ ತೆಗೆದು ನನಗೆ ಕಳಿಸಿದರು. ನಾನು ಹೋಗುವಷ್ಟರಲ್ಲಿ ಆ ಮನುಷ್ಯ ಚಹಾ ಕುಡಿಯಲು ಎದುರಿನ ಹೋಟೆಲ್ಲಿಗೆ ಹೋಗಿದ್ದ, ಡಬ್ಬಿ ಅಂಗಡಿಯಲ್ಲೇ ಇತ್ತು.

ಮರಿಗಳಿಗೆ ಇನ್ನೂ ಪೂರ್ತಿ ಪುಕ್ಕ ಬಂದಿರಲಿಲ್ಲ. ಮೈಮೇಲೆ ಮುಳ್ಳಿನಂಥ ಕೊಳವೆಗಳು, ಅವುಗಳ ತುದಿಯಲ್ಲಿ ಚೂರೇ ಚೂರು ಹಸಿರು. ಒಂದರ ಎದೆಯ ಮೇಲೆ ಅನ್ನದ ಗಂಜಿ ಒಣಗಿ ಗಟ್ಟಿಯಾಗಿತ್ತು. ಒಂದು ಮೂಲೆಯಲ್ಲಿ ತಲೆ ಕೆಳಗೆ ಮಾಡಿ ಬಿದ್ದಿತ್ತು, ಉಸಿರು ಮಾತ್ರ ಆಡುತ್ತಿತ್ತು. ಉಳಿದ ಮೂರೂ ನನ್ನ ಕೈಯ ನೆರಳು ಬಿದ್ದ ಕೂಡಲೇ ಬಾಯಿ ತೆರೆದವು, ತಾಯಿ ಬಂದಳೆಂದು.

ನಮ್ಮ ಕಡೆ ಈ ಗಿಣಿಗಳು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ ಮರಿ ಮಾಡುತ್ತವೆ. ಮರದ ಪೊಟರೆ, ಹಳೇ ಗೋಡೆಯ ಬಿರುಕು, ಕೋಟೆ ಕಲ್ಲಿನ ಸಂದು ಇವೇ ಅವುಗಳ ಮನೆ. ಮಾರುವವರು ಗೂಡಿಗೆ ಕೈ ಹಾಕಿ, ಕಣ್ಣು ತೆರೆದು ಕೆಲವೇ ದಿನವಾದ ಮರಿಗಳನ್ನು ಎತ್ತಿಕೊಂಡು ಬರುತ್ತಾರೆ. ಮನೆ ಮುಟ್ಟುವ ಮೊದಲೇ ಸಾಯುವ ಮರಿಗಳು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೆಂಪು ಕೊಕ್ಕಿನ, ಕೊರಳಪಟ್ಟಿಯ ನಮ್ಮ ಹಸಿರು ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಈ ಗಿಣಿ ಎರಡನೇ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಜೈಲು, ದಂಡ ಎರಡೂ ಆಗಬಹುದು. ದೊಡ್ಡ ಹೀರಾಮನ್ ಗಿಣಿಗೂ, ಗಂಡಿನ ತಲೆ ಕೆಂಪು ನೇರಳೆ ಬಣ್ಣ ಇರುವ ಸಣ್ಣ ಗಿಣಿಗೂ ಇದೇ ಮಾತು.

"ನಮ್ಮಪ್ಪನ ಕಾಲದಾಗ ಮನಿಗೊಂದು ಗಿಣಿ ಇರ್ತಿತ್ತಲ್ರೀ" ಅಂದರು ಹುಡುಗನ ಅಪ್ಪ. ಇತ್ತು, ನಿಜ. ನಮ್ಮ ಮನೆಯಲ್ಲೂ ಇತ್ತು. ಅವೆಲ್ಲ ಬಂದಿದ್ದೂ ಇಂಥ ಡಬ್ಬಿಯಿಂದಲೇ ಎಂದು ಅವರಿಗೆ ಡಬ್ಬಿ ತೋರಿಸಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಲು ನಾನು ಹೊರಗೆ ನಿಂತಿದ್ದೆ. ಅಷ್ಟರಲ್ಲಿ ಅನುಮಾನ ಬಂದು ಆ ಮನುಷ್ಯ ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟ. ಡಬ್ಬಿಯನ್ನು ನಾನು ಕೈಯಲ್ಲೇ ಹಿಡಿದುಕೊಳ್ಳಬೇಕಿತ್ತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆ ಸಂಜೆ ಅಜ್ಜಿ ಇಬ್ಬರೂ ಮಕ್ಕಳನ್ನು ಮಾಳಿಗೆ ಮೇಲೆ ಕರೆದುಕೊಂಡು ಹೋದರು. ಆರೂವರೆ ಹೊತ್ತಿಗೆ ಗಿಣಿಗಳು ಗುಂಪು ಗುಂಪಾಗಿ ಕಿರುಚುತ್ತಾ ಬೆಟ್ಟದ ಕಡೆ ಹಾರಿಹೋಗುತ್ತವೆ. ಹುಡುಗ ನಲವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದ. ಗಿಣಿ ಬೇಕು ಅನ್ನುವ ಹಟ ಹೋಗಲಿಲ್ಲ. ಆದರೆ ಹಸಿರು ಗಿಣಿಯೇ ಬೇಕು ಅನ್ನುವುದು ಅವತ್ತಿಗೆ ನಿಂತಿತು.

ಉಳಿದ ಹಕ್ಕಿಗಳು

ಇನ್ನು ಉಳಿದದ್ದು ಹೊರದೇಶದ ಮೂಲದ ಹಕ್ಕಿಗಳು.

ಆಫ್ರಿಕನ್ ಗ್ರೇ ಎಂಬ ಬೂದು ಗಿಣಿಯ ಬಗ್ಗೆ ಹುಡುಗಿ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಮಾತಿನಲ್ಲಿ ಅದನ್ನು ಮೀರಿಸುವ ಹಕ್ಕಿ ಕಡಿಮೆ. ಆದರೆ ಅದು ನಲವತ್ತು, ಐವತ್ತು ವರ್ಷ ಬದುಕುತ್ತದೆ. ಒಂಟಿ ಬಿಟ್ಟರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಕಾಡಿನಿಂದ ಹಿಡಿದ ಆಫ್ರಿಕನ್ ಗ್ರೇಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು 2017ರಿಂದ ಸೈಟ್ಸ್ (ಅಳಿವಿನ ಭಯವಿರುವ ಜೀವಿಗಳ ವ್ಯಾಪಾರದ ಬಗ್ಗೆ ಹಲವು ದೇಶಗಳು ಮಾಡಿಕೊಂಡ) ಒಪ್ಪಂದದ ಅಡಿ ನಿಷೇಧಿಸಿದ್ದಾರೆ. ದಾಖಲೆ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಈ ಮನೆಗೆ ಅದು ಬೇಡ ಅನ್ನಲು ಎರಡು ನಿಮಿಷ ಸಾಕಾಯಿತು.

ಸನ್ ಕನ್ಯೂರ್ ನೋಡಲು ಮಾವಿನ ಹಣ್ಣಿನ ಬಣ್ಣ, ಮಕ್ಕಳು ಸೋತುಹೋದರು. ಅದರ ಕೂಗು ಮೂರು ಮನೆ ಆಚೆ ಕೇಳಿಸುತ್ತದೆ. ಕಚ್ಚಿದರೆ ರಕ್ತ ಬರುತ್ತದೆ. ಸೈಟ್ಸ್ ಪಟ್ಟಿಯಲ್ಲಿರುವ ಹಕ್ಕಿಯಾದ್ದರಿಂದ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಬೇಕು. ಸಾಕಿದವರು ಆ ಕಾಗದ ಕೊಡದಿದ್ದರೆ ಕೊಳ್ಳಬಾರದು.

ನನ್ನ ಮನಸ್ಸು ಇದ್ದದ್ದು ಕಾಕಟೀಲ್ ಮೇಲೆ. ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು. ತೂಕ ತೊಂಬತ್ತು ಗ್ರಾಂ ಆಸುಪಾಸು. ಸ್ವಭಾವ ಮೆದು, ಭುಜದ ಮೇಲೆ ಕೂತು ಶಿಳ್ಳೆ ಹಾಕುತ್ತದೆ. ಆಸ್ಟ್ರೇಲಿಯಾದ ಒಣ ಸೀಮೆಯದ್ದು, ನಮ್ಮ ಬಿಸಿಲಿಗೆ ಪರವಾಗಿಲ್ಲ. ನೋಂದಣಿಯ ತಾಪತ್ರಯವೂ ಇಲ್ಲ. ಮಕ್ಕಳಿರುವ ಮನೆಗೆ ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ. ಆದರೆ ಕಾಕಟೀಲ್ ಮೈಯಿಂದ ಬಿಳಿ ಪುಡಿ ಉದುರುತ್ತದೆ. ಪುಕ್ಕಗಳನ್ನು ಕಾಪಾಡಲು ಅದರ ಮೈಯೇ ಮಾಡಿಕೊಳ್ಳುವ ಪುಡಿ ಅದು. ನನ್ನ ಕೋಣೆಯಲ್ಲಿ ಕರಿ ಬಟ್ಟೆ ಹಾಸಿದರೆ ಮಾರನೇ ದಿನ ಸುಣ್ಣ ಚಿಮುಕಿಸಿದ ಹಾಗೆ ಕಾಣುತ್ತದೆ. ಉಬ್ಬಸ ಇರುವ ಹುಡುಗಿಗೆ ಅದು ಆಗಿಬರುತ್ತದಾ?

ಊಹೆ ಮಾಡುವ ಬದಲು ನೋಡೋಣ ಅಂದೆ. ಮೊದಲು ಹುಡುಗಿಯನ್ನು ಅವಳ ಡಾಕ್ಟರ್ ಹತ್ತಿರ ಕಳಿಸಿದೆ. ಹಕ್ಕಿ ಸಾಕಲೇಬೇಡಿ ಎಂದು ಅವರು ಹೇಳಲಿಲ್ಲ. ಮೂರು ಷರತ್ತು ಹಾಕಿದರು. ಮಲಗುವ ಕೋಣೆಯಲ್ಲಿ ಹಕ್ಕಿ ಬೇಡ. ಹಿಕ್ಕೆ ಗುಡಿಸುವ ಕೆಲಸ ಹುಡುಗಿಗೆ ಬೇಡ. ಉಬ್ಬಸ ಜಾಸ್ತಿಯಾದರೆ ಹಕ್ಕಿ ಬೇರೆ ಕಡೆ ಹೋಗಬೇಕು. ಹಾಗೇನಾದರೂ ಆದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ಅವ್ವನ ಜೊತೆ ಹುಡುಗಿ ನಮ್ಮ ಮನೆಗೆ ಬಂದು ಹಕ್ಕಿಗಳ ಹತ್ತಿರ ಕೂರತೊಡಗಿದಳು. ಕಾಕಟೀಲ್ ಇದ್ದ ಕಡೆ ಎರಡು ಸಂಜೆ ಕೂತಳು, ಎರಡೂ ಸಲ ಸೀನು, ಕಣ್ಣಲ್ಲಿ ನೀರು. ಬಜ್ರಿಗರ್ ಎಂಬ ಇನ್ನೂ ಸಣ್ಣ ಗಿಳಿಗಳ ಪಂಜರವನ್ನು ಹೊರಗೆ ವರಾಂಡಕ್ಕೆ ತಂದಿಟ್ಟು ನಾಲ್ಕು ಸಂಜೆ ಕೂರಿಸಿದೆ. ಏನೂ ಆಗಲಿಲ್ಲ. ನಾಲ್ಕು ಸಂಜೆಯಿಂದ ಎಲ್ಲವೂ ಗೊತ್ತಾಗುವುದಿಲ್ಲ, ಬಜ್ರಿಗರ್ ಮೈಯಲ್ಲೂ ಪುಡಿ ಇರುತ್ತದೆ, ಕಮ್ಮಿ ಅಷ್ಟೇ. ಆದರೂ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಂಡಿತು.

ಹೀಗೆ ಬಜ್ರಿಗರ್ ಎಂದು ಗೊತ್ತಾಯಿತು. ನಮ್ಮ ಕಡೆ ಅಂಗಡಿಗಳಲ್ಲಿ ಇದನ್ನೇ ಲವ್ ಬರ್ಡ್ಸ್ ಎಂದು ಕರೆಯುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮೋಟು ಬಾಲ, ದಪ್ಪ ಕೊಕ್ಕು, ಗಟ್ಟಿಯಾಗಿ ಕಚ್ಚುತ್ತದೆ. ಬಜ್ರಿಗರ್ ಆಸ್ಟ್ರೇಲಿಯಾದ್ದು, ಬಾಲ ಉದ್ದ, ಬೆನ್ನ ಮೇಲೆ ಅಲೆ ಅಲೆಯಾದ ಕರಿ ಗೆರೆ, ತೂಕ ಮೂವತ್ತರಿಂದ ನಲವತ್ತು ಗ್ರಾಂ. ಐದರಿಂದ ಹತ್ತು ವರ್ಷ ಬದುಕುತ್ತದೆ. ಅಜ್ಜಿಗೆ ಈಗ ಅರವತ್ತೆರಡು. ಈ ಲೆಕ್ಕವನ್ನು ಅವರ ಮುಂದೆಯೇ ಮಾಡಿದೆವು, ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಷ್ಟು ದಿನ ನಾನೂ ಇರ್ತೀನಿ ಬಿಡು" ಅಂದರು.

ಅಂಗೈ ಮೇಲಿನ ಸಂಡಿಗೆ

ನನಗೆ ಉಳಿದಿದ್ದ ದೊಡ್ಡ ಭಯ ಆ ಹುಡುಗನ ಮುಷ್ಟಿ. ಹರಿದುಹೋದ ರಬ್ಬರ್ ಗಿಣಿ ನನ್ನ ಕಣ್ಣ ಮುಂದೆಯೇ ಇತ್ತು.

ಹಕ್ಕಿಗೆ ನಮ್ಮ ಹಾಗೆ ಎದೆ ಹೊಟ್ಟೆ ನಡುವೆ ಉಸಿರಾಟದ ಪೊರೆ ಇಲ್ಲ. ಎದೆಯ ಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಅದರ ಒಳಗೆ ಗಾಳಿ ಓಡಾಡುತ್ತದೆ. ಮುಷ್ಟಿಯಲ್ಲಿ ಎದೆಯನ್ನು ಬಿಗಿಯಾಗಿ ಹಿಡಿದರೆ, ಮೂಗು ಬಾಯಿ ಎರಡೂ ತೆರೆದಿದ್ದರೂ ಹಕ್ಕಿ ಉಸಿರುಗಟ್ಟಿ ಸಾಯುತ್ತದೆ. ಮಗು ಅದನ್ನು ಪ್ರೀತಿಯಿಂದಲೇ ಅಪ್ಪಿಕೊಂಡಿರುತ್ತದೆ. ಇದನ್ನು ಐದು ವರ್ಷದವನಿಗೆ ಮಾತಿನಲ್ಲಿ ಹೇಳಿ ಏನು ಪ್ರಯೋಜನ?

ಒಂದು ಭಾನುವಾರ ಅಜ್ಜಿ ಸಂಡಿಗೆ ಕರಿಯುತ್ತಿದ್ದರು. ಒಂದು ಸಂಡಿಗೆ ತಗೊಂಡು ಹುಡುಗನ ಅಂಗೈ ಮೇಲೆ ಇಟ್ಟೆ. ಅಡುಗೆಮನೆಯಿಂದ ವರಾಂಡದವರೆಗೆ ಮುರಿಯದಂತೆ ತಂದುಕೊಟ್ಟರೆ ಅದು ನಿನಗೇ ಅಂದೆ. ಮೊದಲನೆಯದು ಎರಡನೇ ಹೆಜ್ಜೆಗೇ ಪುಡಿಯಾಯಿತು, ಬೀಳುತ್ತದೆಂದು ಹೆದರಿ ಮುಷ್ಟಿ ಕಟ್ಟಿದ್ದ. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಅವನು ಬೆರಳುಗಳನ್ನು ಅಗಲಿಸಿ, ಅಂಗೈ ಚಪ್ಪಟೆ ಮಾಡಿ, ನಾಲಿಗೆ ಹೊರಗೆ ಚಾಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟ. ಬಂದು ಮುಟ್ಟಿಸಿದ. "ಹಕ್ಕಿ ಹಿಡಿಯೋದೂ ಹಿಂಗೇ" ಅಂದೆ. ಜೂನ್ ಪೂರ್ತಿ ಇದೇ ಆಟ. ಕೈ ಕಟ್ಟಬಾರದು, ತಟ್ಟೆ ಮಾಡಬೇಕು. ಹಕ್ಕಿ ತಾನಾಗಿ ಬಂದು ಕೂರಬೇಕು. ಇವನು ಹೋಗಿ ಹಿಡಿಯುವಂತಿಲ್ಲ.

ಪಂಜರ

ಹುಡುಗನ ಅಪ್ಪ ಬಹಳ ಉತ್ಸಾಹದಲ್ಲಿ ಒಂದು ಪಂಜರ ಮಾಡಿಟ್ಟಿದ್ದರು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಅಳತೆ ಬಹಳ ಚೆನ್ನಾಗಿತ್ತು. ಬಜ್ರಿಗರ್ ಅಡ್ಡಡ್ಡ ಹಾರುವ ಹಕ್ಕಿ, ಅದಕ್ಕೆ ಎತ್ತರಕ್ಕಿಂತ ಉದ್ದ ಮುಖ್ಯ. ಅಂಗಡಿಯಲ್ಲಿ ಸಿಗುವ ದುಂಡು ಪಂಜರಗಳಿಗಿಂತ ಇದು ನೂರು ಪಾಲು ಮೇಲು.

ತೊಂದರೆ ಇದ್ದದ್ದು ಜಾಲರಿಯಲ್ಲಿ. ಹೊಸ ಜಿಐ ಜಾಲರಿ, ಅಂದರೆ ಕಬ್ಬಿಣಕ್ಕೆ ಸತು ಲೇಪಿಸಿದ್ದು, ಫಳಫಳ ಹೊಳೆಯುತ್ತಿತ್ತು. ಆ ಹೊಳಪು ಸತುವಿನದು. ಗಿಳಿ ಜಾತಿಯ ಹಕ್ಕಿಗಳು ಜಾಲರಿಯನ್ನು ಕೊಕ್ಕಿನಿಂದ ಹಿಡಿದು ಹತ್ತುತ್ತವೆ, ದಿನವಿಡೀ ಕಡಿಯುತ್ತವೆ. ಸತು ಹೊಟ್ಟೆಗೆ ಹೋದರೆ ವಿಷ. ಬೆಸುಗೆಯಲ್ಲಿ, ಹಳೇ ಬಣ್ಣದಲ್ಲಿ ಸೀಸ ಇದ್ದರೆ ಅದೂ ವಿಷವೇ. ಇದನ್ನು ಹೇಳುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಎರಡು ರಾತ್ರಿ ಅಂಗಡಿ ಬಂದ್ ಮಾಡಿದ ಮೇಲೆ ಕೂತು ಮಾಡಿದ್ದರು. ಒಂದು ಮಾತೂ ಆಡದೆ ಜಾಲರಿ ಬಿಚ್ಚಿದರು. ವಾರದ ಮೇಲೆ ಅರ್ಧ ಇಂಚು ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ತರಿಸಿ ಹಾಕಿದರು. ಕಣ್ಣು ಅದಕ್ಕಿಂತ ದೊಡ್ಡದಾದರೆ ಹಕ್ಕಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ.

ಕೂರಲು ಪ್ಲಾಸ್ಟಿಕ್ ಕೋಲು ಬೇಡ ಅಂದೆ. ಪೇರಲ ಮತ್ತು ಬೇವಿನ ಟೊಂಗೆ ತಂದು, ತೊಳೆದು, ಬಿಸಿಲಿಗೆ ಒಣಗಿಸಿ ಹಾಕಿದೆವು. ಒಂದು ದಪ್ಪ, ಒಂದು ಸಣ್ಣ. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ವರ್ಷಗಟ್ಟಲೆ ಕೂತರೆ ಪಾದ ಹುಣ್ಣಾಗುತ್ತದೆ.

ಪಂಜರದ ಜಾಗ ವರಾಂಡ, ಒಂದು ಕಡೆ ಗೋಡೆಗೆ ತಾಗಿಸಿ. ಗೋಡೆ ಬೆನ್ನಿಗಿದ್ದರೆ ಹಕ್ಕಿಗೆ ಧೈರ್ಯ. ಅಡುಗೆಮನೆಯಿಂದ ದೂರ. ಅಲ್ಲಿದ್ದ ನಾನ್‌ಸ್ಟಿಕ್ ದೋಸೆ ತವೆಯನ್ನು ಮನೆಯಿಂದಲೇ ಹೊರಗೆ ಹಾಕಿಸಿದೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹಕ್ಕಿ ಸಾಕಲು ಶುರು ಮಾಡಿದ ಎರಡನೇ ವರ್ಷ ನಾನು ಖಾಲಿ ನಾನ್‌ಸ್ಟಿಕ್ ತವೆಯನ್ನು ಒಲೆ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತೆ. ಪಕ್ಕದ ಕೋಣೆಯಲ್ಲಿದ್ದ ನನ್ನ ಹಳದಿ ಬಜ್ರಿಗರ್ ಅರ್ಧ ಗಂಟೆಯೊಳಗೆ ಪಂಜರದ ತಳದಲ್ಲಿ ಬಿದ್ದಿತ್ತು. ನನ್ನ ಮೂಗಿಗೆ ಏನೂ ವಾಸನೆ ಬಂದಿರಲಿಲ್ಲ. ಆ ತವೆಯ ಲೇಪನ ಅತಿಯಾಗಿ ಕಾದರೆ ಬರುವ ಹೊಗೆ ನಮಗೆ ಗೊತ್ತೂ ಆಗದಷ್ಟು ಕಮ್ಮಿ ಇದ್ದರೂ ಹಕ್ಕಿಯ ಶ್ವಾಸಕೋಶ ತಡೆಯುವುದಿಲ್ಲ. ಸೊಳ್ಳೆ ಬತ್ತಿ, ಊದಿನಕಡ್ಡಿ, ಒಗ್ಗರಣೆ ಘಾಟು ಇವೂ ಒಳ್ಳೆಯದಲ್ಲ. ಅಜ್ಜಿ ದೇವರ ಕೋಣೆ ಬಾಗಿಲು ಮುಚ್ಚಿ ಊದಿನಕಡ್ಡಿ ಹಚ್ಚುವ ರೂಢಿ ಮಾಡಿಕೊಂಡರು.

ಎಲ್ಲ ತಯಾರಾದಾಗ ಮೇ ತಿಂಗಳು. ನಮ್ಮೂರಿನ ಮೇ ಬಿಸಿಲು, ನಲವತ್ತು ಡಿಗ್ರಿ ದಾಟಿರುತ್ತದೆ. ಊರು ಬದಲಿಸಿ, ಮನೆ ಬದಲಿಸಿ ಬರುವ ಮರಿಗೆ ಆ ಬಿಸಿಲು ಬೇರೆ ಯಾಕೆ? ಮಳೆ ಬೀಳಲಿ ಅಂದೆ. ಹುಡುಗ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಜುಲೈ

ಮೊದಲು ಹೋದದ್ದು ಒಂದು ಅಂಗಡಿಗೆ. ನಾನು ಹಕ್ಕಿ ನೋಡುವಾಗ ಹತ್ತಿರ ಹೋಗುವುದಿಲ್ಲ. ಹತ್ತು ನಿಮಿಷ ದೂರ ನಿಂತು ನೋಡುತ್ತೇನೆ. ಹಕ್ಕಿ ತನ್ನ ಕಾಯಿಲೆ ಮುಚ್ಚಿಡುತ್ತದೆ, ಯಾರಾದರೂ ಹತ್ತಿರ ಬಂದರೆ ಎದ್ದು ನೆಟ್ಟಗೆ ಕೂರುತ್ತದೆ. ದೂರದಿಂದ ಕಂಡಿದ್ದು ಇಷ್ಟು: ಒಂದೇ ಪಂಜರದಲ್ಲಿ ನಲವತ್ತರ ಮೇಲೆ ಹಕ್ಕಿ, ನೀರಿನ ಬಟ್ಟಲಲ್ಲಿ ಹಿಕ್ಕೆ. ಮೂರು ಹಕ್ಕಿ ಮೈ ಉಬ್ಬಿಸಿಕೊಂಡು ಹಗಲಲ್ಲೇ ಕಣ್ಣು ಮುಚ್ಚಿದ್ದವು. ಒಂದರ ಬಾಲ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಖಾಲಿ ಕೈಯಲ್ಲಿ ವಾಪಸ್ ಬಂದೆವು. ಬಸ್ಸಿನಲ್ಲಿ ಹುಡುಗ ಅತ್ತ. ಅಂಥ ಕಡೆಯಿಂದ ಒಂದು ಹಕ್ಕಿಯನ್ನಾದರೂ ಉಳಿಸೋಣ ಎಂದು ಮನಸ್ಸು ಎಳೆಯುತ್ತದೆ. ಆದರೆ ಉಬ್ಬಸದ ಮಗು ಇರುವ ಮನೆಗೆ ಕಾಯಿಲೆ ಹಕ್ಕಿ ಒಯ್ಯಲು ಆಗುವುದಿಲ್ಲ.

ಮರಿಗಳು ಸಿಕ್ಕಿದ್ದು ಹೊಸಪೇಟೆ ಕಡೆ ಮನೆಯಲ್ಲೇ ಸಾಕುವವರ ಹತ್ತಿರ. ಏಳು ವಾರದವು. ಬಜ್ರಿಗರ್ ಮರಿಯ ಹಣೆ ಮೇಲೆ ಕರಿ ಗೆರೆಗಳು ಮೂಗಿನವರೆಗೂ ಇಳಿದಿರುತ್ತವೆ, ಮೂರು ನಾಲ್ಕು ತಿಂಗಳಾದ ಮೇಲೆ ಹಣೆ ಬೋಳಾಗುತ್ತದೆ. ಮರಿಯ ಕಣ್ಣು ಪೂರ್ತಿ ಕರಿ ಗುಂಡು. "ಮರಿ" ಎಂದು ಹೇಳಿ ಮುದಿ ಹಕ್ಕಿ ಕೊಡುವವರಿಗೆ ಈ ಗೆರೆಗಳೇ ಉತ್ತರ. ಮೂಗಿನ ಮೇಲಿನ ಮೆತ್ತನೆ ಚರ್ಮ ಒಂದೇ ಸಮನಾಗಿ ನಸುಗೆಂಪು ನೇರಳೆ ಇದ್ದರೆ ಸಾಮಾನ್ಯವಾಗಿ ಗಂಡು. ಮೂಗಿನ ತೂತಿನ ಸುತ್ತ ಬಿಳಿ ಉಂಗುರ ಕಂಡರೆ ಹೆಣ್ಣು. ನಾನು ಎರಡೂ ಗಂಡೇ ಆರಿಸಿದೆ. ಎರಡು ಗಂಡು ಜಗಳವಿಲ್ಲದೆ ಇರುತ್ತವೆ, ಮೊಟ್ಟೆಯ ಗೊಡವೆ ಇಲ್ಲ. ಎರಡು ಹೆಣ್ಣಾದರೆ ಕಾದಾಟ ಜಾಸ್ತಿ.

ಒಂದೇ ಸಾಕಲ್ವಾ ಎಂದು ಅವ್ವ ಕೇಳಿದ್ದಳು. ಒಂಟಿ ಹಕ್ಕಿ ಮನುಷ್ಯರನ್ನು ಬೇಗ ಹಚ್ಚಿಕೊಳ್ಳುತ್ತದೆ, ಮಾತೂ ಬೇಗ ಕಲಿಯುತ್ತದೆ. ಕ್ಯಾಲಿಫೋರ್ನಿಯಾದ ಪಕ್ ಎಂಬ ಗಂಡು ಬಜ್ರಿಗರ್ 1,728 ಪದ ಕಲಿತು 1995ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಆದರೆ ಇದು ಗುಂಪಿನ ಹಕ್ಕಿ. ಅಜ್ಜಿ ಮಧ್ಯಾಹ್ನ ಮಲಗುತ್ತಾರೆ, ಊರಿಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಹಕ್ಕಿಗೆ ಹಕ್ಕಿ ಬೇಕು. ಮಾತು ಕಮ್ಮಿಯಾದರೆ ಆಗಲಿ ಎಂದು ನಿರ್ಧಾರ ಮಾಡಿದೆವು.

ಒಂದು ಹಸಿರು ಹಳದಿ, ಇನ್ನೊಂದು ಆಕಾಶ ಬಣ್ಣ. ಮಕ್ಕಳು ನವಣಿ, ಸಜ್ಜಿ ಎಂದು ಹೆಸರಿಟ್ಟರು. ಹೆಸರಿಗೆ ಕಾರಣ ಅಜ್ಜಿ. ಅಂಗಡಿಯ ಪೊಟ್ಟಣದ ಕಾಳು ತೋರಿಸಿದಾಗ ಅವರು ಅಂಗೈ ಮೇಲೆ ಹಾಕಿಕೊಂಡು ನೋಡಿ, "ಇದು ನವಣಿ ಅಲ್ಲೇನು? ಇದಕ್ಕ ಇಷ್ಟು ರೊಕ್ಕ ಯಾಕ?" ಅಂದರು. ಊರಿನಿಂದ ಮೂರು ಸೇರು ನವಣೆ, ತೆನೆ ಸಮೇತ ತರಿಸಿದರು. ನವಣೆ ತೆನೆಯನ್ನು ಜಾಲರಿಗೆ ಕಟ್ಟಿದರೆ ಬಜ್ರಿಗರ್‌ಗಳು ತಲೆಕೆಳಗಾಗಿ ನೇತಾಡಿ ತಿನ್ನುತ್ತವೆ. ಆದರೆ ಬರೀ ಕಾಳು ಸಾಲದು. ಕಾಳಿನಲ್ಲಿ ಎ ವಿಟಮಿನ್ ಬಹಳ ಕಮ್ಮಿ. ದಿನಕ್ಕೆ ಹಕ್ಕಿಗೆ ಎರಡು ಟೀ ಚಮಚ ಕಾಳು, ಅದರ ಜೊತೆ ನುಗ್ಗೆ ಸೊಪ್ಪು, ಕೊತ್ತಂಬರಿ, ತುರಿದ ಗಜ್ಜರಿ, ಮೊಳಕೆ ಬಂದ ಹೆಸರು. ಸೊಪ್ಪನ್ನು ಮೂರು ವಾರ ಮೂಸಿಯೂ ನೋಡಲಿಲ್ಲ. ಒದ್ದೆ ಸೊಪ್ಪಿನ ಕಟ್ಟು ನೇತು ಹಾಕಿದಾಗ ಸ್ನಾನ ಮಾಡಲು ಬಂದವು, ಹಾಗೇ ಕಡಿಯಲು ಕಲಿತವು. ಬೆಣ್ಣೆಹಣ್ಣು (ಅವಕಾಡೊ), ಚಾಕಲೇಟ್, ಚಹಾ, ಉಪ್ಪು ಹಾಕಿದ ಚುರುಮುರಿ ಕೊಡಬಾರದೆಂದು ಹುಡುಗಿ ಕಾಗದದಲ್ಲಿ ಬರೆದು ಅಂಟಿಸಿದ್ದಾಳೆ. ಬೆಣ್ಣೆಹಣ್ಣು ಹಕ್ಕಿಗೆ ಪ್ರಾಣಾಂತಿಕ.

ಮೊದಲ ಹತ್ತು ದಿನ ಯಾರೂ ಪಂಜರದೊಳಗೆ ಕೈ ಹಾಕಬಾರದು ಎಂದಿದ್ದೆ. ಹತ್ತಿರ ಕೂತು ಮಾತಾಡುವುದು ಮಾತ್ರ. ಆಗಸ್ಟ್ ಎರಡನೇ ವಾರ ಹುಡುಗಿಯ ಬೆರಳ ಮೇಲೆ ನವಣಿ ಕೂತಿತು.

ಅದಾದ ಮೂರೇ ದಿನಕ್ಕೆ ಅನಾಹುತ ಆಗುವುದರಲ್ಲಿತ್ತು. ಹುಡುಗ ಶಾಲೆಯಿಂದ ಬಂದವನೇ ಪಂಜರದ ಬಾಗಿಲು ತೆಗೆದ. ಸಜ್ಜಿ ಅವನ ಕಿವಿ ಪಕ್ಕದಿಂದ ನೇರ ಪಡಸಾಲೆಗೆ ಹಾರಿತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅಜ್ಜಿ ಮಲಗಿದ್ದಲ್ಲಿಂದ ಎದ್ದು ಓಡಿ ಬಟನ್ ಒತ್ತಿದರು. ಫ್ಯಾನಿನ ರೆಕ್ಕೆ ನಿಲ್ಲುವವರೆಗಿನ ಆ ಹೊತ್ತು ಹಕ್ಕಿ ಅದರ ಸುತ್ತಲೇ ಎರಡು ಸುತ್ತು ಹಾಕಿತಂತೆ. ಪರದೆ ಕೋಲಿನ ಮೇಲೆ ಕೂತಿತು, ಸಂಜೆ ಕತ್ತಲು ಮಾಡಿ ಟವೆಲ್ಲಿನಲ್ಲಿ ಇಳಿಸಿದೆವು. ಹುಡುಗ ಹೆದರಿ ರಾತ್ರಿ ಊಟ ಮಾಡಲಿಲ್ಲ. ಅವನನ್ನು ಯಾರೂ ಬೈಯಬಾರದು ಎಂದು ಹೇಳಿದೆ. ಐದು ವರ್ಷದ ಮಗುವಿನ ಕೈಗೆ ಸಿಗುವಂತೆ ಬಾಗಿಲ ಚಿಲಕ ಬಿಟ್ಟಿದ್ದು ನಾವು ದೊಡ್ಡವರು. ಮಾರನೇ ದಿನ ಅವನ ಅಪ್ಪ ಒಂದು ಕೊಂಡಿ ಬೆಸುಗೆ ಹಾಕಿ ಸಣ್ಣ ಬೀಗ ಜಡಿದರು, ಕೀಲಿ ಅಜ್ಜಿಯ ಸೆರಗಿನ ಗಂಟಿನಲ್ಲಿ. ಹಕ್ಕಿ ಹೊರಗೆ ಬಿಡುವಾಗ ಫ್ಯಾನ್ ಬಂದ್, ಕಿಟಕಿ ಬಂದ್, ಆಮೇಲೆ ಕೀಲಿ.

ಪಂಜರದ ತಳದ ಕಾಗದಕ್ಕೆ ಮೊದಲು ನೀರು ಚಿಮುಕಿಸಿ ಆಮೇಲೆ ತೆಗೆಯುತ್ತಾರೆ, ಧೂಳು ಏಳದಂತೆ. ಗಿಳಿ ಜಾತಿಯ ಹಕ್ಕಿಗಳ ಒಣ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಸಿಟಾಕೋಸಿಸ್ ಎಂಬ ರೋಗ ಬರಬಹುದು, ಜ್ವರ, ಕೆಮ್ಮು, ನ್ಯುಮೋನಿಯಾ ಥರ. ಔಷಧಿ ಇದೆ, ಆದರೆ ಮನೆಯಲ್ಲಿ ಹಕ್ಕಿ ಇದೆ ಎಂದು ಡಾಕ್ಟರಿಗೆ ನಾವೇ ಹೇಳಬೇಕು. ಹಕ್ಕಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಈ ಮನೆಯಲ್ಲಿ ಈಗ ಚಪ್ಪಲಿ ಬಿಡುವಷ್ಟೇ ಸಹಜ.

ದೀಪಾವಳಿ ಮೂರು ರಾತ್ರಿ ಪಂಜರವನ್ನು ಒಳಕೋಣೆಗೆ ತಂದು, ಹತ್ತಿ ಸೀರೆ ಮುಚ್ಚಿ, ಸಣ್ಣ ದೀಪ ಹಚ್ಚಿಟ್ಟರು. ಕತ್ತಲಲ್ಲಿ ಸದ್ದಿಗೆ ಬೆದರಿದರೆ ಜಾಲರಿಗೆ ಬಡಿದು ರೆಕ್ಕೆ ಮುರಿದುಕೊಳ್ಳುತ್ತವೆ. ಹುಡುಗ ತಾನಾಗಿಯೇ ಸುರ್‌ಸುರ್‌ಬತ್ತಿ ಮಾತ್ರ ಹಚ್ಚಿದ.

ನವೆಂಬರ್ ಕೊನೆಗೆ ಹುಡುಗನ ಸರದಿ ಬಂತು. ನಾನು ಅಲ್ಲೇ ಇದ್ದೆ. ಅವನು ಅಂಗೈ ಚಪ್ಪಟೆ ಮಾಡಿ, ಮೇಲೆ ನಾಲ್ಕು ಕಾಳು ನವಣೆ ಇಟ್ಟು, ಜಾಲರಿ ಬಾಗಿಲ ಒಳಗೆ ಕೈ ಚಾಚಿ ಕೂತ. ಕೈ ನಡುಗಬಾರದೆಂದು ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡಿದ್ದ. ಎಷ್ಟು ಹೊತ್ತಾಯಿತೋ, ಸಜ್ಜಿ ಒಂದು ಕಾಲು ಅವನ ಹೆಬ್ಬೆರಳ ಮೇಲೆ ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಆಮೇಲೆ ಎರಡೂ ಕಾಲು. ಹುಡುಗ ಉಸಿರೇ ಬಿಡಲಿಲ್ಲ. "ಅಜ್ಜೀ, ಇದರ ಕಾಲು ಬೆಚ್ಚಗ ಐತಿ" ಎಂದು ಪಿಸುಗುಟ್ಟಿದ.

ಮಾತು? ಇನ್ನೂ ಒಂದು ಪದವೂ ಬಂದಿಲ್ಲ. ಆದರೆ ಅಜ್ಜಿ ಬೆಳಿಗ್ಗೆ ನೀರು ಬದಲಿಸುವಾಗ ನಾಲಿಗೆಯಲ್ಲಿ ಚ್ಚ ಚ್ಚ ಅನ್ನುತ್ತಾರಲ್ಲ, ಆ ಸದ್ದನ್ನು ನವಣಿ ಕಲಿತಿದೆ. ಈಗ ಅಜ್ಜಿ ಬರುವುದು ಐದು ನಿಮಿಷ ತಡವಾದರೆ ಅದೇ ಕರೆಯುತ್ತದೆ.

ಡಿಸೆಂಬರಿನಲ್ಲಿ ಹುಡುಗಿಗೆ ಒಂದು ಸಲ ಉಬ್ಬಸ ಬಂತು. ಹೋದ ವರ್ಷವೂ ಅದೇ ತಿಂಗಳು ಬಂದಿತ್ತು. ಚಳಿಗೋ, ಹಕ್ಕಿಗೋ ಎಂದು ಒಂದೇ ಸಲಕ್ಕೆ ಹೇಳಲು ಬರುವುದಿಲ್ಲ ಅಂದರು ಡಾಕ್ಟರ್. ಪಂಜರವನ್ನು ವರಾಂಡದ ಇನ್ನೊಂದು ತುದಿಗೆ ಸರಿಸಿದ್ದಾರೆ, ಹುಡುಗಿ ಕೂರುವ ಹೊತ್ತು ಕಮ್ಮಿ ಮಾಡಿದ್ದಾರೆ. ಫೆಬ್ರವರಿವರೆಗೆ ನೋಡೋಣ ಎಂದು ಮಾತಾಗಿದೆ. ಹುಡುಗಿ ನನ್ನ ಹತ್ತಿರ ಬಂದು, "ಆಂಟಿ, ನಿಮ್ಮ ಮನಿಗೆ ಬಂದ್ರ ನಾನು ದಿನಾ ಬಂದು ನೋಡಬಹುದಲ್ಲಾ?" ಎಂದು ಕೇಳಿ ಹೋದಳು. ನನ್ನ ಮಾಳಿಗೆ ಕೋಣೆಯಲ್ಲಿ ಒಂದು ಪಂಜರ ತೊಳೆದು ಖಾಲಿ ಇಟ್ಟಿದ್ದೇನೆ.